ಬಸ್ ನಂಬರು ಕೂಡಿ ಕಳೆಯುವ ಸಂಖ್ಯೆಯಲ್ಲ

ಕೆಂಗೇರಿ ಉಪನಗರದವರಿಗೆ 401ಕೆ ಅಂದರೆ ಯಲಹಂಕದ ಬಸ್ಸು. 401ಎಂ ಹತ್ತಿದರೆ ದಾರಿಯೇ ಬೇರೆ. ವೆಬ್ ಪ್ರೋಗ್ರಾಮಿಂಗಿನ ಸಡಿಲ ಭಾಷೆಗಳು ಈ ಕೊನೆಯ ಅಕ್ಷರವನ್ನು ಸದ್ದಿಲ್ಲದೆ ನುಂಗಿಬಿಡುತ್ತವೆ.

ಬ್ರೌಸರಿನ ಫಾರಂನಲ್ಲಿ ಏನೇ ತುಂಬಿದರೂ ಅದು ಸರ್ವರಿಗೆ ಹೋಗುವುದು ಅಕ್ಷರಗಳ ಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ. 1995ರಲ್ಲಿ ಹೊರಬಂದ ಸಡಿಲ ಭಾಷೆಗಳಾದ ಪಿಎಚ್‌ಪಿ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಸ್ಟ್ರಿಂಗನ್ನು ತಮಗೆ ಬೇಕಾದಾಗ ತಾವೇ ಸಂಖ್ಯೆ ಮಾಡಿಕೊಳ್ಳುತ್ತವೆ. ಜಾವಾಸ್ಕ್ರಿಪ್ಟಿನಲ್ಲಿ ‘50’ ಎಂಬ ಸ್ಟ್ರಿಂಗಿಗೆ 5 ಕೂಡಿಸಿದರೆ ‘505’, ಅದರಿಂದಲೇ 5 ಕಳೆದರೆ 45.

ಪಿಎಚ್‌ಪಿ 7ರವರೆಗೆ ‘401ಕೆ’ಯನ್ನು 401 ಎಂಬ ಸಂಖ್ಯೆಯೊಡನೆ ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ ಎರಡೂ ಒಂದೇ ಎಂಬ ಉತ್ತರ ಬರುತ್ತಿತ್ತು, ‘401ಎಂ’ಗೂ ಅದೇ ಉತ್ತರ. 2020ರ ನವೆಂಬರ್ 26ರಂದು ಬಿಡುಗಡೆಯಾದ ಪಿಎಚ್‌ಪಿ 8 ಇದನ್ನು ಸರಿಪಡಿಸಿತು. ಆದರೆ ‘ಇಂಟ್’, ಅಂದರೆ ಪೂರ್ಣಾಂಕ, ಆಗಿ ಪರಿವರ್ತಿಸು ಎಂದರೆ ಇಂದಿಗೂ 401 ಕೊಟ್ಟು ಸುಮ್ಮನಾಗುತ್ತದೆ. ಜಾವಾಸ್ಕ್ರಿಪ್ಟಿನ ‘ಪಾರ್ಸ್‌ಇಂಟ್’ ಮಾಡುವುದೂ ಇದನ್ನೇ. ಅದೇ ಭಾಷೆಯ ‘ನಂಬರ್’ ಮಾತ್ರ ಇದು ಸಂಖ್ಯೆಯಲ್ಲ ಎಂದು ತಿಳಿಸುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಕನ್ನಡ ಅಂಕಿಗಳ ಪಾಡು. ಕೆಂಗೇರಿಯ ಪಿನ್‌ಕೋಡನ್ನು ಒಬ್ಬರು ೫೬೦೦೬೦ ಎಂದು ಟೈಪ್ ಮಾಡಿದರು ಎನ್ನೋಣ. ಜಾವಾಸ್ಕ್ರಿಪ್ಟಿನ ಎರಡೂ ವಿಧಾನಗಳಿಗೆ ಅದು ಸಂಖ್ಯೆಯೇ ಅಲ್ಲ. ಪಿಎಚ್‌ಪಿಯ ‘ಇಂಟ್’ ಪರಿವರ್ತನೆ ಯಾವ ಎಚ್ಚರಿಕೆಯನ್ನೂ ಕೊಡದೆ ಸೊನ್ನೆ ಮಾಡುತ್ತದೆ. ಖಾಲಿ ಬಿಟ್ಟ ಫಾರಂಗೂ ಅಲ್ಲಿ ಸಿಗುವುದು ಸೊನ್ನೆಯೇ. ಹೀಗಾಗಿ ಕನ್ನಡದಲ್ಲಿ ಸರಿಯಾಗಿ ತುಂಬಿದವರೂ ಏನನ್ನೂ ತುಂಬದವರೂ ದತ್ತಾಂಶದಲ್ಲಿ ಒಂದೇ ಆಗಿಬಿಡುತ್ತಾರೆ. ಇದು ಅನ್ಯಾಯ. ಸ್ಟ್ರಿಂಗಿಗೆ ಸಂಖ್ಯೆ ಕೂಡಿಸಲು ಹೋದರೆ ಖಡಾಖಂಡಿತವಾಗಿ ತಡೆಯುವ ಪೈಥಾನ್ ಮಾತ್ರ, ‘ಇಂಟ್’ ಎಂದು ಕೇಳಿದಾಗ ೫೬೦೦೬೦ನ್ನು 560060 ಎಂದೇ ಓದುತ್ತದೆ. ಯೂನಿಕೋಡ್ ಕನ್ನಡದ ಹತ್ತೂ ಚಿಹ್ನೆಗಳನ್ನು ದಶಮಾಂಶ ಅಂಕಿಗಳೆಂದು ಗುರುತಿಸಿದೆ. ಪೈಥಾನ್ ಆ ಗುರುತನ್ನು ಮನ್ನಿಸುತ್ತದೆ. ಸಡಿಲ ಭಾಷೆಗಳ ಧಾರಾಳತನ ಇಂಗ್ಲಿಷ್ ಕೀಲಿಮಣೆಯ ಅಂಕಿಗಳಾಚೆ ಹೋಗುವುದಿಲ್ಲ.

ಪಿನ್‌ಕೋಡ್, ಬಸ್ ಮಾರ್ಗ, ಮನೆ ನಂಬರುಗಳನ್ನು ಯಾರೂ ಕೂಡಿ ಕಳೆಯುವುದಿಲ್ಲ. ಅವು ಸ್ಟ್ರಿಂಗ್ ಆಗಿಯೇ ಇರಲಿ, ಹೋಲಿಕೆಗೆ, ಪರಿವರ್ತನೆ ಮಾಡದೆ ಹೋಲಿಸುವ ಮೂರು ಸಮಚಿಹ್ನೆ ಬಳಕೆಯಾಗಲಿ. ಹಣದ ಮೊತ್ತ, ವಯಸ್ಸುಗಳಿಗೆ ಪರಿವರ್ತನೆ ಬೇಕೇ ಬೇಕು. ಅಲ್ಲಿ ಮೊದಲು ಕನ್ನಡ ಅಂಕಿಗಳನ್ನು ಬದಲಾಯಿಸಿಕೊಳ್ಳಬೇಕು. ಯೂನಿಕೋಡಿನಲ್ಲಿ ೦ ಇರುವುದು 3302ನೇ ಸ್ಥಾನದಲ್ಲಿ, ೯ ಇರುವುದು 3311ರಲ್ಲಿ. ಚಿಹ್ನೆಯ ಸ್ಥಾನದಿಂದ 3302 ಕಳೆದರೆ ಅಂಕಿಯ ಬೆಲೆ ಸಿಗುತ್ತದೆ.