ಪಾಸ್‌ವರ್ಡ್ ಕೋಡ್ ಒಳಗೆ ಯಾಕಿರಬಾರದು? ಸೆಟ್ಟಿಂಗ್ಸ್ ಹೊರಗೆ ಬಂದ ಕಥೆ

ಬಿಕಾಂನವರಿಗೆ ಗೊತ್ತಿರೋ ಲೆಕ್ಕದಿಂದಲೇ ಶುರು ಮಾಡೋಣ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಎಸಿ ರೆಸ್ಟೋರೆಂಟ್ ಊಟಕ್ಕೆ 18% ತೆರಿಗೆ ಇತ್ತು. ಅದೇ ವರ್ಷ ನವೆಂಬರ್ 15ರಿಂದ ಬಹುತೇಕ ರೆಸ್ಟೋರೆಂಟ್‌ಗಳಿಗೆ ಅದು 5% ಆಯ್ತು. ಬಿಲ್ ಹಾಕೋ ಸಾಫ್ಟ್‌ವೇರಿನ ಕೋಡ್ ಒಳಗೇ 18 ಅಂತ ಬರೆದಿದ್ರೆ, ಕೋಡ್ ಬರೆದವರೇ ಬಂದು ತಿದ್ದಬೇಕು. ದರ ಹೊರಗಿನ ಸೆಟ್ಟಿಂಗ್‌ನಲ್ಲಿದ್ರೆ ಕ್ಯಾಶ್ ಕೌಂಟರಲ್ಲಿ ಕೂತವರೇ ಬದಲಾಯಿಸಬಹುದು. ಬದಲಾಗೋದನ್ನ ಕೋಡಿನಿಂದ ಹೊರಗಿಡಬೇಕು ಅನ್ನೋ ಈ ಬುದ್ಧಿ ಒಂದೇ ದಿನದಲ್ಲಿ ಬಂದಿದ್ದಲ್ಲ.

1979. ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಯುನಿಕ್ಸ್‌ನ 7ನೇ ಆವೃತ್ತಿ ಬಂತು. ಅದರಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನೋ ವ್ಯವಸ್ಥೆ ಇತ್ತು. ಅಂದ್ರೆ ಒಂದು ಹೆಸರು, ಅದಕ್ಕೊಂದು ಬೆಲೆ. ಪ್ರೋಗ್ರಾಂ ಶುರುವಾಗೋವಾಗ ಈ ಪಟ್ಟಿ ಅದರ ಕೈಗೆ ಸಿಗುತ್ತೆ. ನಿಮ್ಮ ಫೋಲ್ಡರ್ ಯಾವುದು, ಕಮಾಂಡ್‌ಗಳನ್ನ ಎಲ್ಲಿ ಹುಡುಕಬೇಕು, ಎಲ್ಲ ಅದರಲ್ಲೇ ಇರುತ್ತೆ. ಇವತ್ತಿಗೂ ಇದೇ ಪದ್ಧತಿ ನಡೀತಿದೆ.

2004. ಜಾವಾದವರಿಗೆ ಸ್ಪ್ರಿಂಗ್ ಫ್ರೇಮ್‌ವರ್ಕ್ 1.0 ಬಂತು. ಸೆಟ್ಟಿಂಗ್ಸ್ ಎಕ್ಸ್‌ಎಂಎಲ್ ಫೈಲಿಗೆ ಹೋದವು. ಆದ್ರೆ ಪ್ರಾಜೆಕ್ಟ್ ದೊಡ್ಡದಾದಂತೆ ಆ ಫೈಲ್‌ಗಳೂ ಉದ್ದುದ್ದ ಬೆಳೆದವು.

2011. ಹೆರೋಕು ಕಂಪನಿಯ ಆಡಂ ವಿಗಿನ್ಸ್ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಅನ್ನೋ 12 ನಿಯಮಗಳನ್ನ ಬರೆದರು. 3ನೇ ನಿಯಮ ಸೆಟ್ಟಿಂಗ್ಸ್ ಬಗ್ಗೆ. ಅದರಲ್ಲೊಂದು ಪರೀಕ್ಷೆ ಇದೆ: ನಿಮ್ಮ ಕೋಡನ್ನ ಈಗಲೇ ಊರಿಗೆಲ್ಲ ತೋರಿಸಿದ್ರೆ ಯಾವ ಪಾಸ್‌ವರ್ಡೂ ಬಯಲಾಗಬಾರದು.

2014. ಸ್ಪ್ರಿಂಗ್ ಬೂಟ್ 1.0 ಬಂತು. ಇದು ಸೆಟ್ಟಿಂಗ್ಸ್ ಓದೋಕೆ ಒಂದು ಕ್ರಮ ಇಟ್ಟುಕೊಂಡಿದೆ. ಕೋಡ್ ಜೊತೆ ಪ್ಯಾಕ್ ಆದ ಫೈಲ್‌ಗಿಂತ ಹೊರಗಿಟ್ಟ ಫೈಲ್ ಮೇಲು, ಅದಕ್ಕಿಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಮೇಲು, ಅದಕ್ಕಿಂತ ಶುರು ಮಾಡೋವಾಗ ಕಮಾಂಡ್‌ನಲ್ಲಿ ಟೈಪ್ ಮಾಡಿದ್ದು ಮೇಲು. ಫೈಲಲ್ಲಿ ಪೋರ್ಟ್ 8080 ಅಂತಿದ್ರೂ ಕಮಾಂಡ್‌ನಲ್ಲಿ 9090 ಕೊಟ್ರೆ 9090 ನಡೆಯುತ್ತೆ. ಹಾಗಾಗಿ ನಿಮ್ಮ ಲ್ಯಾಪ್‌ಟಾಪಲ್ಲಿ ಓಡೋ ಅದೇ ಪ್ಯಾಕೇಜ್, ಒಂದಕ್ಷರ ಬದಲಾಗದೆ ದೊಡ್ಡ ಸರ್ವರಲ್ಲೂ ಓಡುತ್ತೆ.

ಇಷ್ಟೆಲ್ಲ ದಾರಿ ಇದ್ದೂ 2016ರಲ್ಲಿ ಏನಾಯ್ತು ನೋಡಿ. ಊಬರ್‌ನ ಖಾಸಗಿ ಗಿಟ್‌ಹಬ್ ಖಾತೆಗೆ ಕಳ್ಳರು ನುಗ್ಗಿದರು. ಕ್ಲೌಡ್ ಸ್ಟೋರೇಜಿನ ಕೀ ಅಲ್ಲಿ ಕೋಡ್ ಒಳಗೇ ಇತ್ತು. 5.7 ಕೋಟಿ ಜನರ ಮಾಹಿತಿ ಹೋಯ್ತು. ಕಂಪನಿ ಕಳ್ಳರಿಗೆ 1 ಲಕ್ಷ ಡಾಲರ್ ಕೊಟ್ಟು ಸುಮ್ಮನಿತ್ತು. ವಿಷಯ ಹೊರಗೆ ಬಂದಿದ್ದು 2017ರ ನವೆಂಬರಲ್ಲಿ. ಕೋಡ್ ಬರೆದವರು ಯಾರೋ, ಫೋನ್ ನಂಬರ್ ಕಳ್ಕೊಂಡವರು ಇನ್ಯಾರೋ.

ನೀವು ಕಾಲೇಜ್ ಪ್ರಾಜೆಕ್ಟನ್ನ ಗಿಟ್‌ಹಬ್‌ಗೆ ಹಾಕೋ ಮುಂಚೆ ಡೇಟಾಬೇಸ್ ಪಾಸ್‌ವರ್ಡ್ ಎಲ್ಲಿದೆ ಅಂತ ಒಮ್ಮೆ ನೋಡಿ. ಈಗಾಗಲೇ ಹಾಕಿಬಿಟ್ಟಿದ್ರೆ ಆ ಸಾಲು ಅಳಿಸಿದ್ರೆ ಸಾಲದು, ಗಿಟ್ ಹಳೇದನ್ನೆಲ್ಲ ನೆನಪಿಟ್ಟುಕೊಂಡಿರುತ್ತೆ. ಮೊದಲು ಪಾಸ್‌ವರ್ಡನ್ನೇ ಬದಲಾಯಿಸಿ, ಆಮೇಲೆ ಅದನ್ನ ಕೋಡಿನಿಂದ ಹೊರಗೆ ಹಾಕಿ.

ಪ್ರಾಜೆಕ್ಟ್ ಮಾಡ್ತಿರೋ ಫ್ರೆಂಡ್‌ಗೆ ಇದನ್ನ ಕಳಿಸಿ. ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ.

#ಕನ್ನಡದಲ್ಲಿ_ಟೆಕ್ #ಕೋಡ್_ಕಥೆ