ಎರಡನೇ ಡಿಸ್ಕು, ಮೊದಲ ಸೆಕ್ಟರು

ಲಿನಕ್ಸ್ ನೋಡಬೇಕು, ಆದ್ರೆ ಇರೋ ವಿಂಡೋಸ್ ಕೆಡಬಾರದು... ಈ ಆಸೆ ನಿಮ್ಮಲ್ಲೂ ಎಷ್ಟೋ ಜನರಿಗೆ ಬಂದಿರುತ್ತೆ. "ಬೇರೆ ಡಿಸ್ಕಿಗೆ ಹಾಕ್ಕೋ, ಹಳೇದಕ್ಕೆ ಏನೂ ಆಗಲ್ಲ" ಅಂತ ಗೆಳೆಯರು ಧೈರ್ಯ ಹೇಳ್ತಾರೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಾನೂ ಅದನ್ನೇ ನಂಬಿ ಯುಎಸ್‌ಬಿ ಡಿಸ್ಕಿಗೆ ಲಿನಕ್ಸ್ ಹಾಕಿದ್ದೆ. ಎರಡು ದಿನ ಎಲ್ಲಾ ಸರಿಯಾಗಿತ್ತು. ಮೂರನೇ ದಿನ ಡಿಸ್ಕ್ ಕಿತ್ತಿಟ್ಟು ಕಂಪ್ಯೂಟರ್ ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ "ಗ್ರಬ್... ಎರರ್ 21". ವಿಂಡೋಸ್ ಇಲ್ಲ. ಅದರೊಳಗೆ ಅಕ್ಕನ ಮದುವೆ ಫೋಟೋಗಳು ಬೇರೆ! ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ.

ಇದರ ಬೇರು ಇರೋದು 1983ರಲ್ಲಿ. ಆ ವರ್ಷ ಐಬಿಎಂ 10 ಎಂಬಿ ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ ಬಿಟ್ಟಿತು, ಜೊತೆಗೆ ಪಿಸಿ ಡಾಸ್ 2.0. ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟುಗಳಲ್ಲಿ ಒಂದು ಪುಟ್ಟ ಪ್ರೋಗ್ರಾಮ್, ಅದರ ಕೊನೆಯಲ್ಲಿ 64 ಬೈಟಿನ ಪಾರ್ಟಿಷನ್ ಪಟ್ಟಿ. ಒಂದಕ್ಕೆ 16 ಬೈಟ್, ಅಂದ್ರೆ ನಾಲ್ಕೇ ನಾಲ್ಕು ಪಾರ್ಟಿಷನ್. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಒಂದೇ ಡಿಸ್ಕಿನಲ್ಲಿ ಒಟ್ಟಿಗೆ ಬಾಳಲಿ ಅಂತಲೇ ಮಾಡಿದ ವ್ಯವಸ್ಥೆ ಅದು. ಒಂದು ಮನೆಗೆ ನಾಲ್ಕು ಸಂಸಾರ, ಆದ್ರೆ ಬೀದಿ ಬಾಗಿಲು ಮಾತ್ರ ಒಂದೇ. ಜಗಳ ಆಗದೇ ಇರುತ್ತಾ? :)

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಮಿನಿಕ್ಸ್ ಪಕ್ಕದಲ್ಲೇ ತನ್ನ ಲಿನಕ್ಸ್ ಬೆಳೆಸುತ್ತಿದ್ದಾಗ, ಮೋಡೆಮ್‌ಗೆ ಹೋಗಬೇಕಿದ್ದ ಆಜ್ಞೆ ತಪ್ಪಿ ಹಾರ್ಡ್ ಡಿಸ್ಕಿಗೆ ಹೋಗಿ ಮಿನಿಕ್ಸ್ ಪಾರ್ಟಿಷನ್ನೇ ಹಾಳಾಯ್ತು. ಆಮೇಲೆ ಆತ ಲಿನಕ್ಸಿನಲ್ಲೇ ಉಳಿದುಬಿಟ್ಟ. ಅಂಥವನಿಗೇ ಹಾಗಾದ ಮೇಲೆ ನಮ್ಮ ಪಾಡೇನು!

ಬೀದಿ ಬಾಗಿಲಲ್ಲಿ ನಿಂತು "ಯಾರ ಮನೆಗೆ?" ಅಂತ ಕೇಳೋಕೆ 1992ರಲ್ಲಿ ಲಿಲೋ ಬಂತು, 1995ರಲ್ಲಿ ಗ್ರಬ್. ನನ್ನ ಗುಂಡಿ ಇದ್ದದ್ದು ಇಲ್ಲೇ. ಮೊದಲ ಸೆಕ್ಟರಿನಲ್ಲಿ ಪ್ರೋಗ್ರಾಮಿಗೆ ಇರೋದು ಹೆಚ್ಚೂಕಮ್ಮಿ 446 ಬೈಟ್. ಅಷ್ಟರಲ್ಲಿ ಗ್ರಬ್ ಪೂರ್ತಿ ಹಿಡಿಸಲ್ಲ. ಹಾಗಾಗಿ ತಲೆ ಒಂದು ಕಡೆ, ಉಳಿದ ಮೈ ಲಿನಕ್ಸ್ ಪಾರ್ಟಿಷನ್ನಿನಲ್ಲಿ. ನನ್ನಲ್ಲಿ ತಲೆ ಹೋಗಿ ಕೂತಿದ್ದು ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ, ಮೈ ಹೊರಗಿನ ಡಿಸ್ಕಿನಲ್ಲಿ. ಡಿಸ್ಕ್ ಕಿತ್ತಾಗ ತಲೆ ಒಂದೇ ಉಳಿದು ಮೈ ಹುಡುಕ್ತಾ ಇತ್ತು. ಎರರ್ 21 ಅಂದ್ರೆ "ಹೇಳಿದ ಡಿಸ್ಕೇ ಇಲ್ಲ" ಅಂತ ಅಷ್ಟೇ. ತಪ್ಪು ಗ್ರಬ್‌ದಲ್ಲ, ಅದನ್ನ ಎಲ್ಲಿ ಹಾಕಲಿ ಅಂತ ಕೇಳಿದ್ದನ್ನ ಓದದೆ ಮುಂದೆ ಒತ್ತಿದವನು ನಾನು. ಎಕ್ಸ್‌ಪಿ ಸಿಡಿಯ ರಿಕವರಿ ಕನ್ಸೋಲಿಗೆ ಹೋಗಿ "ಫಿಕ್ಸ್‌ಎಂಬಿಆರ್" ಅಂತ ಕೊಟ್ಟೆ. ಫೋಟೋಗಳು ಇದ್ದಲ್ಲೇ ಇದ್ದವು. ಅವತ್ತು ಸಂಜೆಯೇ ಎಲ್ಲವನ್ನೂ ಡಿವಿಡಿಗೆ ಬರೆದೆ.

ವಿಂಡೋಸ್‌ಗೆ ಹೊರಗಿನ ಡಿಸ್ಕ್ ಅಂದ್ರೆ ಆಗಿಬರಲ್ಲ. ಎಕ್ಸ್‌ಪಿ ಯುಎಸ್‌ಬಿ ಡಿಸ್ಕಿಗೆ ಇನ್‌ಸ್ಟಾಲ್ ಆಗೋಕೇ ಒಪ್ಪುತ್ತಿರಲಿಲ್ಲ. 2012ರಲ್ಲಿ ವಿಂಡೋಸ್ 8 ಎಂಟರ್‌ಪ್ರೈಸ್ ಜೊತೆ "ವಿಂಡೋಸ್ ಟು ಗೋ" ಕೊಟ್ಟರು, 2020ರಲ್ಲಿ ಅದನ್ನೂ ತೆಗೆದುಹಾಕಿದರು.

ಈಗಿನ ಯುಇಎಫ್ಐ ಯಂತ್ರಗಳಲ್ಲಿ 512 ಬೈಟಿನ ಇಕ್ಕಟ್ಟಿಲ್ಲ. ಬೂಟ್ ಫೈಲುಗಳಿಗೇ ಒಂದು ಪ್ರತ್ಯೇಕ ಪಾರ್ಟಿಷನ್, ನಾಲ್ಕರ ಬದಲು ಸಾಮಾನ್ಯವಾಗಿ 128 ಪಾರ್ಟಿಷನ್‌ಗೆ ಜಾಗ. ಆದ್ರೂ ಹಳೇ ಚಾಳಿ ಹೋಗಿಲ್ಲ ನೋಡಿ, ಹೊರಗಿನ ಡಿಸ್ಕ್ ಆರಿಸಿದ್ರೂ ಬೂಟ್ ಫೈಲುಗಳನ್ನ ಒಳಗಿನ ಡಿಸ್ಕಿನಲ್ಲೇ ಇಟ್ಟ ಇನ್‌ಸ್ಟಾಲರ್‌ಗಳು ಈ ಕಾಲದಲ್ಲೂ ಬಂದಿವೆ. ಹಾಗಾಗಿ ನಾನು ಡೆಸ್ಕ್‌ಟಾಪ್ ಆದ್ರೆ ಒಳಗಿನ ಡಿಸ್ಕಿನ ಕೇಬಲ್ ಕಿತ್ತೇ ಇನ್‌ಸ್ಟಾಲ್ ಶುರು ಮಾಡೋದು. ಡಿಸ್ಕ್ ಬೋರ್ಡಿಗೇ ಬೆಸೆದಿರೋ ಲ್ಯಾಪ್‌ಟಾಪಿನಲ್ಲಿ ಆ ದಾರಿಯೂ ಇಲ್ಲ. ಅಲ್ಲಿ ನೀವೇನು ಮಾಡ್ತೀರಿ? ತಿಳಿಸಿ...