ಕಾವಲಿನ ಲೆಕ್ಕ: ನಿರ್ಣಯ ವಿಜ್ಞಾನದ ಸಂಶೋಧನೆಗೆ ಅಜ್ಜಂಪುರದ ಒಂದು ಪ್ರಶ್ನೆ

ನಿರ್ಣಯ ವಿಜ್ಞಾನ ಮತ್ತು ನಿರ್ವಹಣಾ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವವರನ್ನು ಅಂಕಿಅಂಶ ಸುಲಭವಾಗಿ ಸಿಗುವ ವಿಷಯಗಳೇ ಸೆಳೆಯುತ್ತವೆ: ಗೋದಾಮಿನ ದಾಸ್ತಾನು, ವಿಮಾನದ ಟಿಕೆಟ್ ದರ, ಆಸ್ಪತ್ರೆಯ ಸರದಿ. ಬೆಂಗಳೂರಿನ ಐಐಎಂ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಎರಡರಲ್ಲೂ ಈ ಅಧ್ಯಯನಕ್ಕೆ ಅವಕಾಶವಿದೆ. ಆದರೆ ಇದೇ ಶಾಸ್ತ್ರದ ಸಲಕರಣೆಗಳನ್ನು ಒರೆಗೆ ಹಚ್ಚಬಲ್ಲ ಸಮಸ್ಯೆಯೊಂದು ಅಜ್ಜಂಪುರದಲ್ಲಿದೆ. ಅದು ಅಮೃತಮಹಲ್ ತಳಿಯ ರಾಸುಗಳದು, ಅವು ಮೇಯುವ ಕಾವಲುಗಳದು.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ರಾಸುಗಳ ಇಲಾಖೆ ಟಿಪ್ಪುವಿನ ಆಡಳಿತದಲ್ಲಿ ಅಮೃತಮಹಲ್ ಆಯಿತು. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಎತ್ತು ಬೇಕಿತ್ತು. ಅವುಗಳ ಮೇವಿಗೆ ಮೀಸಲಿಟ್ಟ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಯಾವ ಹಿಂಡು, ಯಾವ ತಿಂಗಳು, ಯಾವ ಹುಲ್ಲಿಗೆ? ಮಳೆ ಹೇಗೆ ಬರುವುದೋ ತಿಳಿಯದೆ, ಈಗಿನ ಮೇವನ್ನೂ ಮುಂದಿನ ಋತುವಿನ ಮೇವನ್ನೂ ಒಟ್ಟಿಗೆ ತೂಗಿ ಕೊಡಬೇಕಾದ ಉತ್ತರ ಇದು. 1950ರ ದಶಕದಲ್ಲಿ ರಿಚರ್ಡ್ ಬೆಲ್ಮನ್ ರೂಪಿಸಿದ ಡೈನಮಿಕ್ ಪ್ರೋಗ್ರಾಮಿಂಗ್ ಬಿಡಿಸುವುದೂ ಇಂಥ ಗಂಟನ್ನೇ. ಅದರ ಸಮೀಕರಣವನ್ನು ಬರೆಯುವುದು ಕಷ್ಟವಲ್ಲ. ಯಾವುದನ್ನು ಗರಿಷ್ಠಗೊಳಿಸಬೇಕು ಎಂದು ಗೊತ್ತುಮಾಡುವುದು ಕಷ್ಟ.

1860ರಲ್ಲಿ ನಡೆದದ್ದು ಈ ಮಾತಿಗೆ ಸಾಕ್ಷಿ. 1799ರ ನಂತರ ರಾಸುಗಳು ಬ್ರಿಟಿಷರ ವಶದಲ್ಲಿದ್ದವು. ಖರ್ಚು ಉಳಿಸಬೇಕೆಂದು ಮದ್ರಾಸ್ ಸರ್ಕಾರ ಹಿಂಡುಗಳನ್ನು ಮಾರಿ ಇಲಾಖೆಯನ್ನೇ ಮುಚ್ಚಿತು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ತೊಂದರೆಯಾದಾಗ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ವೆಚ್ಚದ ಪುಸ್ತಕ ನೋಡಿದರೆ 1860ರ ಗುಮಾಸ್ತನ ಲೆಕ್ಕದಲ್ಲಿ ತಪ್ಪಿರಲಿಕ್ಕಿಲ್ಲ. ಆದರೆ ತಲೆಮಾರುಗಳ ಆಯ್ಕೆಯಿಂದ ಬಂದ ತಳಿಗೆ ಆ ಪುಸ್ತಕದಲ್ಲಿ ಕಲಮೇ ಇರಲಿಲ್ಲ. ಹಿಂದೆಗೆಯಲಾಗದ ನಿರ್ಧಾರವನ್ನು ಮುಂದೂಡುವುದಕ್ಕೂ ಒಂದು ಬೆಲೆಯುಂಟು ಎಂದು ಕೆನೆತ್ ಆರೋ ಮತ್ತು ಆಂಟನಿ ಫಿಶರ್ 1974ರಲ್ಲಿ ತೋರಿಸಿಕೊಟ್ಟರು. ಆ ವಾದಕ್ಕೆ ಅಮೃತಮಹಲ್‌ಗಿಂತ ಒಳ್ಳೆಯ ಐತಿಹಾಸಿಕ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಇಂದು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಮುಂದಿರುವುದು ಇದೇ ಪ್ರಶ್ನೆ, ವೇಷ ಮಾತ್ರ ಬೇರೆ. ಹಾಲು ಕಡಿಮೆ ಕೊಡುವ ದುಡಿಮೆಯ ತಳಿ ಇದು. ದುಡಿಮೆಯನ್ನು ಟ್ರ್ಯಾಕ್ಟರ್ ಕಸಿದುಕೊಂಡಿದೆ. ಹಾಲಿನ ಲೀಟರಿನಲ್ಲಿ ಅಳೆದರೆ ಇದು ಸೋಲುವುದು ಖಚಿತ. ಹೋರಿಕರುಗಳ ಹರಾಜಿನ ಬೆಲೆಯನ್ನು ಅಳತೆಗೋಲು ಮಾಡಿಕೊಂಡರೆ ರೈತರ ಒಲವು ಒಂದಿಷ್ಟು ಕಾಣುತ್ತದೆ. ಆದರೆ ಕೂಗಲು ಬಂದವರ ಒಲವಷ್ಟೇ ಅದು. ಕಾವಲಿನಂಚಿನಲ್ಲಿ ಕುರಿ ಮೇಯಿಸುವವರು ಆ ಹರಾಜಿಗೆ ಬರುವುದಿಲ್ಲ. ಕೃಷ್ಣಮೃಗವಂತೂ ಬರುವುದಿಲ್ಲ.

ಕಾವಲಿನ ನೆಲಕ್ಕೆ ಬೇಡಿಕೆ ಇಡುವವರು ಮಾತ್ರ ಕಡಿಮೆಯಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣಕ್ಕೆ ಕೊಟ್ಟ 1500 ಎಕರೆ ಅಮೃತಮಹಲ್ ಕಾವಲಿನದೇ. ನಿರ್ವಹಣಾ ವಿಜ್ಞಾನದಲ್ಲಿ ಪಿಎಚ್.ಡಿ. ಕೊಡುವ ಸಂಸ್ಥೆಯೇ ಇಲ್ಲಿ ಒಬ್ಬ ಕಕ್ಷಿದಾರ.

ಹಾಗಾಗಿ ಈ ವಿಷಯ ಆರಿಸಿಕೊಳ್ಳುವ ಸಂಶೋಧಕರು ಮೊದಲ ಅಧ್ಯಾಯವನ್ನು ಮಾದರಿಗೆ ಮೀಸಲಿಡಬಾರದು. ಹಿಂಡಿನ ವಹಿ, ಹರಾಜಿನ ಪಟ್ಟಿ, ಕಂದಾಯ ಇಲಾಖೆಯ ನಕ್ಷೆಗಳ ಜೊತೆಗೆ ಯಾರ ನಷ್ಟ ಯಾವ ಕಡತದಲ್ಲೂ ದಾಖಲಾಗಿಲ್ಲ ಎಂಬುದನ್ನು ಊರೂರು ತಿರುಗಿ ಬರೆದುಕೊಳ್ಳಬೇಕು; ಯಾವುದನ್ನು ಗರಿಷ್ಠಗೊಳಿಸಬೇಕೆಂಬ ಉದ್ದೇಶ ಫಲನದ ಚರ್ಚೆ ಅಲ್ಲಿಂದ ಶುರುವಾಗಬೇಕು.